ನಂಬರಕ್ಕನ ತಂಡ ಕಂಪ್ಯೂಟರಿನಲ್ಲಿ ಕಣಕ್ಕಿಳಿದದ್ದು

ಆಟಗಾರರ ಅಂಗಿ ಹೊಲಿಯುವ ಆಕೆಯನ್ನು ಊರವರೆಲ್ಲ ನಂಬರಕ್ಕ ಎನ್ನುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಕೆಯ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಬೆನ್ನಿಗೆ ಅಂಟಿಸುವ ಅಂಕಿಗಳನ್ನು ಬರೆಯಲು ಒಂದು ಹಳೇ ಕಂಪ್ಯೂಟರ್. ಇಪ್ಪತ್ತು ವರ್ಷದಲ್ಲಿ ಒಮ್ಮೆ ಮಾತ್ರ ಒಂಬತ್ತನ್ನು ತಲೆಕೆಳಗಾಗಿ ಅಂಟಿಸಿದ್ದಳು. ಆ ಪಂದ್ಯದಲ್ಲಿ ಆರನೇ ನಂಬರಿನವರು ಇಬ್ಬರಿದ್ದರು.

ಅದೇ ಕಂಪ್ಯೂಟರಿನಲ್ಲಿ ಒಂದು ಫುಟ್‌ಬಾಲ್ ಆಟವೂ ಇತ್ತು. ಗಿರಾಕಿಗಳಿಲ್ಲದ ಮಧ್ಯಾಹ್ನ ಆಡುತ್ತಿದ್ದಳು. ಆಟ ಅಷ್ಟಕ್ಕಷ್ಟೆ, ಕಣ್ಣೆಲ್ಲ ಆಟಗಾರರ ಅಂಗಿಯ ಮೇಲೆ. "ಈ ಕಾಲರ್ ಹೊಲಿದೋರು ಮನುಷ್ಯರ ಕತ್ತು ನೋಡಿದ್ದಾರೋ ಇಲ್ವೋ!" ಎಂದು ಗೊಣಗುತ್ತ ಒಂದು ದಿನ ಕಡತಗಳನ್ನು ಕೆದಕಿದಳು. ಅಂಗಿಗಳೆಲ್ಲ ಬರೀ ಚಿತ್ರಗಳಾಗಿ ಅಲ್ಲೇ ಕೂತಿದ್ದವು. ಬೀಗವಿಲ್ಲ, ಕಾವಲಿಲ್ಲ. ಕಾಲರನ್ನು ತಿದ್ದಿದಳು. ರುಚಿ ಹತ್ತಿತು. ತಿಂಗಳೊಳಗೆ ಊರಿನ ಹೆಂಗಸರ ತಂಡವನ್ನೇ ಆಟದೊಳಗೆ ತಂದು ನಿಲ್ಲಿಸಿದಳು.

ಗೋಲು ಕಾಯುವ ಬಸ್ ಕಂಡಕ್ಟರಮ್ಮ ಓಡೋಡಿ ಬಂದು ನೋಡಿದಳು.

"ಅಕ್ಕಾ, ನನ್ನ ಮೂಗು ಇಷ್ಟುದ್ದ ಇದೆಯಾ?"

"ಸ್ವಲ್ಪ ಕತ್ತರಿಸಿದೀನಿ ಕಣೇ."

ಮುಂದೆ ಪ್ರತಿ ವರ್ಷ ಆಟದ ಹೊಸ ಆವೃತ್ತಿ ಬಂದಾಗಲೂ ತಂಡಕ್ಕೆ ಹೊಸ ಅಂಗಿ ತೊಡಿಸಿದಳು. ಆಮೇಲೆ ಒಂದು ವರ್ಷ ಕಂಪ್ಯೂಟರಿಗೆ ಆಟ ಬರಲೇ ಇಲ್ಲ. ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಗೆ ಮಾತ್ರ ಎಂದರು. ಮೈದುನ ಆ ಪೆಟ್ಟಿಗೆ ಕೊಂಡು, ಅತ್ತಿಗೆಯನ್ನು ಕರೆದು ತೋರಿಸಿದ. ಆಟಗಾರರ ಹಣೆಯ ಬೆವರೂ ಹೊಳೆಯುತ್ತಿತ್ತು.

"ಚೆನ್ನಾಗಿದೆ. ನಮ್ಮೋರನ್ನ ಎಲ್ಲಿಂದ ಒಳಗೆ ಬಿಡೋದು?"

"ಆಗಲ್ಲ ಅತ್ತಿಗೆ. ಅವರು ಕೊಟ್ಟಿದ್ದನ್ನೇ ಆಡ್ಬೇಕು."

"ಹಾಗಾದ್ರೆ ರೆಡಿಮೇಡ್ ಅಂಗಡಿ ಅನ್ನು!"

ಮನೆಗೆ ಬಂದವಳೇ ಆಟ ಮಾಡುವ ಕಂಪನಿಗೆ ಪತ್ರ ಬರೆದಳು. ಪ್ರತಿ ಮನೆಯಲ್ಲೂ ಪೆಟ್ಟಿಗೆ ಇರುವುದಿಲ್ಲ. ಓದಿಗೋ ದುಡಿಮೆಗೋ ಕಂಪ್ಯೂಟರ್ ಇರುತ್ತದೆ. ನೀವು ದೊಡ್ಡ ತಂಡಗಳನ್ನು ಮಾಡಿ, ಸಂತೋಷ. ಸಣ್ಣ ಊರುಗಳ ತಂಡಗಳನ್ನು ನಾವೇ ಮಾಡಿಕೊಳ್ಳುತ್ತೇವೆ, ಬಾಗಿಲು ಮಾತ್ರ ತೆರೆದಿಡಿ. ಇಷ್ಟೇ ಪತ್ರ. ನಿಮ್ಮ ಆಸಕ್ತಿಗೆ ಧನ್ಯವಾದ ಎಂದು ಒಂದೇ ಸಾಲಿನ ಉತ್ತರ ಬಂತು.

ಆಕೆಗೆ ಮುಖಕ್ಕೆ ಹೊಡೆದಂತಾಯಿತು. ಕೆಲವು ವಾರ ಆಟ ತೆರೆಯಲೇ ಇಲ್ಲ. ಅಷ್ಟರಲ್ಲಿ ತಂಡಕ್ಕೆ ಹೊಸದಾಗಿ ಸೇರಿದ ನರ್ಸ್ ಒಬ್ಬಳು ಅಳತೆ ಕೊಡಲು ಬಂದು, ನಾಚುತ್ತ ಕೇಳಿದಳು: "ಅಕ್ಕಾ, ನನ್ನನ್ನೂ ಕಂಪ್ಯೂಟರಿಗೆ ಹಾಕ್ತೀರಾ?"

ಇಲ್ಲ ಎನ್ನಲು ನಾಲಗೆ ಬರಲಿಲ್ಲ. ಹಳೇ ಆವೃತ್ತಿಯಲ್ಲೇ ಅವಳಿಗೊಂದು ಜಾಗ ಮಾಡಿದಳು. ತನ್ನ ಪತ್ರವನ್ನೂ ಅಂತರ್ಜಾಲದಲ್ಲಿ ಹಾಕಿದಳು. ಎಲ್ಲೆಲ್ಲಿಂದಲೋ ಉತ್ತರ ಬಂದವು. ಒಬ್ಬ ನಿವೃತ್ತ ರೆಫರಿ ತನ್ನೂರ ಮೈದಾನವನ್ನು ಗುಂಡಿಗಳ ಸಮೇತ ಆಟದೊಳಗೆ ಕೂರಿಸಿದ್ದನಂತೆ. ಅವರೆಲ್ಲ ಸೇರಿ ಕಂಪನಿಗೆ ಬರೆಯುತ್ತಲೇ ಹೋದರು.

ಎರಡು ವರ್ಷದ ಮೇಲೆ ಆಟ ಮತ್ತೆ ಕಂಪ್ಯೂಟರಿಗೆ ಬಂತು. ಯಾಕೆಂದು ಕಂಪನಿ ಹೇಳಲಿಲ್ಲ.

"ನಿಮ್ಮ ಪತ್ರಕ್ಕೆ ಹೆದರಿದ್ರು ಅತ್ತಿಗೆ!" ಎಂದ ಮೈದುನ.

"ಕಾಗೆ ಕೂತಿತ್ತು, ಕೊಂಬೆ ಮುರೀತು. ಬಿಡಪ್ಪ," ಎಂದು ನಕ್ಕಳು. ಮುಖ ಮಾತ್ರ ಊರಗಲವಾಗಿತ್ತು.

ಹಳೇ ಕಂಪ್ಯೂಟರ್ ಹೊಸ ಆಟಕ್ಕೆ ಏದುಸಿರು ಬಿಟ್ಟಿತು. ರಿಪೇರಿಯವನು ಬಂದು ಒಳಗಿನ ಅರ್ಧ ಸಾಮಾನು ಬದಲಾಯಿಸಿದ. ಕಡತಗಳಿಗೆ ಈ ಸಲವೂ ಬೀಗವಿರಲಿಲ್ಲ, ನಂಬರಕ್ಕ ತನ್ನ ತಂಡವನ್ನು ಒಳಗೆ ಬಿಟ್ಟಳು. ಭಾನುವಾರ ಇಡೀ ತಂಡ ಅಂಗಡಿಗೆ ನುಗ್ಗಿತು. ಇಸ್ತ್ರಿ ಮೇಜಿನ ಮೇಲೂ ಮೂವರು. ಕಂಡಕ್ಟರಮ್ಮ ತನ್ನ ಗೋಲನ್ನು ತಾನೇ ಕಾದು ಮೂರು ಬಿಟ್ಟಳು. "ಅದು ನಾನಲ್ಲ, ಕಂಪ್ಯೂಟರ್!" ಎಂದು ವಾದಕ್ಕೇ ನಿಂತಳು. ನಿಜವಾದ ಮೈದಾನದಲ್ಲಿ ಒಂದು ಗೋಲನ್ನೂ ಹೊಡೆಯದಿದ್ದ ನರ್ಸ್, ತೆರೆಯ ಮೇಲೆ ತಾನು ಹೊಡೆದದ್ದನ್ನು ನಿಧಾನಗತಿಯಲ್ಲಿ ಏಳು ಸಲ ಹಾಕಿಸಿ ನೋಡಿದಳು. ಎಂಟನೇ ಸಲಕ್ಕೆ ಯಾರೂ ಒಪ್ಪಲಿಲ್ಲ.

ನಂಬರಕ್ಕ ಒಪ್ಪಿದಳು.