ಬೈರಾಸಿನ ಕೆಳಗಿನ ಕೈ

ಪ್ರೇತ ಕಂಡೆ, ಯಾರೋ ಬೆನ್ನು ಮುಟ್ಟಿದರು ಎಂದು ಯಾರಾದರೂ ಹೇಳಿದರೆ, ಊಟ ಜಾಸ್ತಿಯಾಗಿರಬೇಕು ಎಂದು ನಗುತ್ತಿದ್ದವನು ನಾನು. ಚರಿತ್ರೆ ಕಲಿಸುವ ಮಾಸ್ತರ. ದಾಖಲೆ ಇಲ್ಲದ್ದನ್ನು ನಂಬುವುದು ನನ್ನ ಜಾಯಮಾನವಲ್ಲ. ಈಗಲೂ ನಂಬುತ್ತೇನೆಂದಲ್ಲ. ನಡೆದದ್ದನ್ನು ಹೇಳುತ್ತೇನೆ, ಉಳಿದದ್ದು ನಿಮಗೆ ಬಿಟ್ಟದ್ದು.

ಐವತ್ತರ ದಶಕದ ಕೊನೆಗೆ ನಾನು ಕಡಬದ ಶಾಲೆಯೊಂದರಲ್ಲಿದ್ದೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಊರವರಿಗಾಗಿ ಭಾಷಣ ಮಾಡುತ್ತಿದ್ದೆ. ಮುಂದಿನ ಬೆಂಚಿನಲ್ಲಿ ಯಾವಾಗಲೂ ಇಬ್ಬರು ಒಟ್ಟಿಗೆ ಕೂರುತ್ತಿದ್ದರು: ಕಾಳುಮೆಣಸಿನ ವ್ಯಾಪಾರಿ, ಮುಸಲ್ಮಾನರಾದ ಅಬ್ಬು ಬ್ಯಾರಿ, ಮತ್ತು ತಿರುವಾಂಕೂರಿನಿಂದ ಬಂದು ಕಾಡು ಕಡಿದು ಕೃಷಿ ಮಾಡಿದ ಕ್ರೈಸ್ತರಾದ ವರ್ಕಿ. ಬಂದ ಹೊಸದರಲ್ಲಿ ವರ್ಕಿಯವರು ಮಲೇರಿಯಾ ಹಿಡಿದು ಮಲಗಿದಾಗ ಅವರ ಹೆಂಡತಿ ಮಕ್ಕಳಿಗೆ ಎರಡು ತಿಂಗಳು ಗಂಜಿ ಹೋದದ್ದು ಬ್ಯಾರಿಯವರ ಮನೆಯಿಂದ.

ಒಂದು ಶನಿವಾರ ನಾನು ಆರಿಸಿದ ವಿಷಯ, ಶಿಲುಬೆ ಯುದ್ಧಗಳು ಯುರೋಪನ್ನು ಹೇಗೆ ಬದಲಿಸಿದವು ಎಂಬುದು. ಎಂಟೊಂಬತ್ತು ನೂರು ವರ್ಷಗಳ ಹಿಂದೆ ಜೆರುಸಲೇಮಿಗಾಗಿ ಕ್ರೈಸ್ತರೂ ಮುಸಲ್ಮಾನರೂ ಕಾದಾಡಿದ್ದು, ಅದರಿಂದ ಅಲ್ಲಿಯ ಜಮೀನ್ದಾರರು ಬಡವರಾಗಿ ರಾಜರು ಬಲಿತದ್ದು, ಬಂದರುಗಳು ಬೆಳೆದು ಸಕ್ಕರೆ, ಮೆಣಸಿನ ರುಚಿ ಹತ್ತಿದ್ದು, ಪರಧರ್ಮದವರನ್ನು ಕಂಡರಾಗದ ಬುದ್ಧಿ ತಲೆತಲಾಂತರ ಉಳಿದದ್ದು. ಪುಸ್ತಕದಲ್ಲಿದ್ದದ್ದು ಅಷ್ಟೇ. ಆಗ ನನಗೆ ಎಳೆಯ ಪ್ರಾಯ. ಸಭೆ ಬೆರಗಾಗಲಿ ಎಂದು ಕೊಲೆಗಳನ್ನು ಉಪ್ಪುಖಾರ ಹಚ್ಚಿ ವರ್ಣಿಸಿದೆ. ಕೈಕಾಲು ಕಳೆದುಕೊಂಡು ಊರಿಗೆ ಮರಳಿದ ಬಡಪಾಯಿಗಳ ಸುದ್ದಿ ಪುಸ್ತಕದಲ್ಲಿರಲಿಲ್ಲ, ನಾನೂ ಎತ್ತಲಿಲ್ಲ.

"ಮೊದಲು ಕತ್ತಿ ಹಿಡಿದು ಬಂದದ್ದು ನಿಮ್ಮವರೇ ಅಲ್ಲವಾ?" ಎಂದರು ಬ್ಯಾರಿಯವರು, ಅರ್ಧ ತಮಾಷೆಗೆ.

"ನಿಮ್ಮವರು ಎಂತ ಕಮ್ಮಿಯಾ?" ಎಂದರು ವರ್ಕಿ.

ಮಾತಿಗೆ ಮಾತು ಬೆಳೆದು ಕೊನೆಗೆ ಗಂಜಿಯ ಹಂಗಿನ ಮಾತೂ ಬಂತು. ಮೂರು ತಿಂಗಳು ಇಬ್ಬರೂ ಮುಖ ತಿರುಗಿಸಿ ನಡೆದರು. ನನಗೆ ನಾಚಿಕೆಯಾಗುತ್ತಿತ್ತು. ಕಿಡಿ ಹಾಕಿದವನು ನಾನೇ.

ನಮ್ಮ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಬೈರಾಸಿನ, ಅಂದರೆ ಹೆಗಲ ಮೇಲಿನ ಟವಲಿನ, ಕೆಳಗೆ ಕೈ ಹಿಡಿದು ಬೆರಳು ಒತ್ತಿ ತಿಳಿಸುತ್ತಾರೆ. ಸುತ್ತ ನಿಂತವರಿಗೆ ಗೊತ್ತಾಗಬಾರದಲ್ಲ. ಕೊಟ್ಟ ಕೈಯನ್ನು ನಡುವೆ ಎಳೆದುಕೊಳ್ಳುವುದು ಮರ್ಯಾದೆಯಲ್ಲ. ಮಧ್ಯಸ್ಥ ತನ್ನ ಕೈಯನ್ನು ಅವೆರಡರ ಮೇಲಿಟ್ಟರೆ ಮಾತು ಮುಗಿಯಿತು. ಇಬ್ಬರನ್ನೂ ಸೇರಿಸಲು ನಾನು ಇದನ್ನೇ ಹಿಡಿದೆ. ಒಂದು ಸಂತೆಯ ದಿನ, ನಡುಮಧ್ಯಾಹ್ನ, ಇಬ್ಬರನ್ನೂ ಕಾಡಿ ಬೇಡಿ ಅಂಗಡಿಯ ಜಗಲಿಯಲ್ಲಿ ಕೂರಿಸಿದೆ. ವರ್ಕಿಯವರ ಮೆಣಸಿನ ಗೋಣಿ ಪಕ್ಕದಲ್ಲಿತ್ತು. ನಾನೇ ಬೈರಾಸು ಹೊದೆಸಿದೆ.

ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತ ಕೈ ಒಳಗಿಟ್ಟರು. ಬಹಳ ಹೊತ್ತು ಬಟ್ಟೆ ಅಲುಗಲಿಲ್ಲ. ಆಮೇಲೆ ಒಮ್ಮೆಲೇ ಅಲುಗಿತು. ವರ್ಕಿಯವರ ಕಣ್ಣು ತುಂಬಿದ್ದು ಕಂಡು ನಾನೂ ಕೈ ಹಾಕಿದೆ. ನನ್ನ ಅಂಗೈಗೆ ಸಿಕ್ಕಿದ್ದು ತಣ್ಣಗಿನ, ಒರಟಾದ ಕೈ. ಅದಕ್ಕೆ ಕೊನೆಯ ಎರಡು ಬೆರಳುಗಳಿರಲಿಲ್ಲ. ಅದರ ಕೆಳಗೆ ಬೆಚ್ಚಗಿನ ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡಿದ್ದವು. ಹೆದರಿ ಬೈರಾಸು ಎಳೆದೆ. ಅಲ್ಲಿದ್ದದ್ದು ಅವರಿಬ್ಬರ ಕೈ, ನನ್ನ ಕೈ. ಮೂರಕ್ಕೂ ಐದೈದು ಬೆರಳು ಸರಿಯಾಗಿಯೇ ಇದ್ದವು.

ವರ್ಕಿಯವರು ಹೋಗುವಾಗ ಹೇಳಿದರು, "ಮಾಷೆ, ನಾನು ಕೈ ಎಳೆದುಕೊಳ್ಳುವವನೇ ಇದ್ದೆ. ನೀವು ಒತ್ತಿ ಹಿಡಿದದ್ದಕ್ಕೆ ಆಗಲಿಲ್ಲ." ಆದರೆ ನಾನು ಕೈ ಹಾಕಿದ್ದು ಅವರ ಕಣ್ಣು ತುಂಬಿದ ಮೇಲೆ.

ಮರುದಿನ ಬ್ಯಾರಿಯವರು ಶಾಲೆಗೇ ಬಂದರು. "ಬೇಜಾರು ಮಾಡಬೇಡಿ ಮಾಷ್ಟ್ರೆ, ಒಂದು ಕೇಳ್ತೇನೆ. ನಿಮ್ಮ ಆ ಎರಡು ಬೆರಳು ಹೋದದ್ದು ಹೇಗೆ?"

ನಾನು ಬಲಗೈ ಚಾಚಿದೆ. ಅವರು ಒಂದೊಂದೇ ಬೆರಳು ಮುಟ್ಟಿ ಎಣಿಸಿದರು. ಎಡಗೈಯನ್ನೂ ನೋಡಿದರು.

"ಹಾಗಾದ್ರೆ ನಮ್ಮನ್ನು ಸೇರಿಸಿದ್ದು ಯಾರು?" ಎಂದರು.

ಆಮೇಲೆ ಎಷ್ಟೋ ವರ್ಷ ಶಾಲೆಯಲ್ಲಿ ಶಿಲುಬೆ ಯುದ್ಧಗಳ ಪಾಠ ಮಾಡಿದೆ. ಯುದ್ಧದ ಪರಿಣಾಮಗಳನ್ನು ಬರೆಸಿದ ಮೇಲೆ, ಪುಸ್ತಕದಲ್ಲಿಲ್ಲದಿದ್ದರೂ, ಕೈಬೆರಳು ಕಳೆದುಕೊಂಡು ಊರಿಗೆ ಮರಳಿದವರ ಬಗ್ಗೆ ಎರಡು ಮಾತು ಹೇಳುತ್ತಿದ್ದೆ. ಬ್ಯಾರಿಯವರು ತೀರಿಕೊಂಡಾಗ ಹೆಗಲು ಕೊಟ್ಟವರಲ್ಲಿ ವರ್ಕಿಯವರೂ ಇದ್ದರು.