ಹೊಟ್ಟೆ ತೋರಿಸುವ ರಿವಾಲ್ವರು

ಮಹಾರಾಜರ ಕಾಲದ ಮಧುಗಿರಿಯಲ್ಲಿ ನಮ್ಮ ನೆರೆಯಲ್ಲಿದ್ದ ಸಾಹುಕಾರರು, ಆಯುಧಪೂಜೆಯ ದಿನ ತಮ್ಮ ರಿವಾಲ್ವರಿನ ಗುಂಡು ತುಂಬುವ ಗಾಲಿಯನ್ನು ಹೊರಕ್ಕೆ ಸರಿಸಿ, ಖಾಲಿ ತೂತುಗಳನ್ನು ಎಲ್ಲರಿಗೂ ತೋರಿಸಿಯೇ ಕುಂಕುಮ ಇಡುತ್ತಿದ್ದರು. "ಇದು ಹೊಟ್ಟೇಲಿ ಏನೂ ಮುಚ್ಚಿಡಲ್ಲ ಕಣ್ರೋ" ಅನ್ನುವುದು ಅವರ ಮಾತು.

ಒಂದು ವರ್ಷ ಅಳಿಯ ಹೊಸ ಪಿಸ್ತೂಲು ತಂದ. ಹಿಡಿಯೊಳಗಿನ ಗುಂಡಿನ ಪೆಟ್ಟಿಗೆಯನ್ನು ಈಚೆಗೆ ಎಳೆದು, "ಖಾಲಿ ಮಾವ" ಎಂದು ಮಣೆಯ ಮೇಲಿಟ್ಟ. ಅದರ ಮೂತಿಯ ಎದುರಿಗೇ ಸಾಹುಕಾರರ ಮಗಳು ರಂಗೋಲಿ ಬಿಡುತ್ತ ಕೂತಿದ್ದಳು.

"ಇದ್ರ ಹೊಟ್ಟೆ ಎಲ್ಲೈತಪ್ಪಾ ನೋಡೋಕೆ?" ಎನ್ನುತ್ತ ಸಾಹುಕಾರರು ಅದನ್ನು ಗೋಡೆಯ ಕಡೆ ತಿರುಗಿಸಿ, ನಳಿಗೆಯ ಮೇಲೆ ಜಾರುವ ಕಬ್ಬಿಣವನ್ನು ಹಿಂದಕ್ಕೆ ಜಗ್ಗಿದರು. ಪೆಟ್ಟಿಗೆ ತೆಗೆದರೂ ನಳಿಗೆಯಲ್ಲೇ ಉಳಿದಿದ್ದ ಗುಂಡೊಂದು ಚಿಮ್ಮಿ ಕುಂಕುಮದ ತಟ್ಟೆಗೆ ಬಿತ್ತು.

ಅವರು ಗದರಲಿಲ್ಲ. ಗುಂಡನ್ನು ಎತ್ತಿ ಮಗಳ ಅಂಗೈಯಲ್ಲಿಟ್ಟು, "ತಕೋ ಕಣಮ್ಮ, ನಿನ್ ಗಂಡ ಖಾಲಿ ಅಂದಿದ್ದು ಇದನ್ನೇ" ಅಂದರು.