ಬ್ರೇಕ್ ಮಾಮ ಮಾಡಿದ ಕಾನೂನು

ಹೈಸ್ಕೂಲಿನ ಬಸ್ಸು ಓಡಿಸುತ್ತಿದ್ದವನಿಗೆ ಮಕ್ಕಳು ಇಟ್ಟ ಹೆಸರು ಬ್ರೇಕ್ ಮಾಮ. ಬೆಕ್ಕು ಕಂಡರೆ ಬ್ರೇಕು, ಗುಂಡಿ ಕಂಡರೆ ಬ್ರೇಕು, ಏನೂ ಕಾಣದಿದ್ದರೆ ಏನೋ ಇದ್ದೀತು ಎಂದು ಇನ್ನೊಂದು ಬ್ರೇಕು. ಇವನ ಬಸ್ಸಿನಲ್ಲಿ ಪ್ರವಾಸ ಹೊರಟರೆ ಊರಿಗಿಂತ ದಾರಿಯನ್ನೇ ಹೆಚ್ಚು ನೋಡಬೇಕಾಗುತ್ತದೆ ಎಂದು ಗಣಿತದ ಮೇಷ್ಟ್ರು ಗೊಣಗುತ್ತಿದ್ದರು. ಆದರೆ ಅಷ್ಟು ವರ್ಷಗಳಲ್ಲಿ ಒಂದು ಮಗುವಿನ ಮೊಣಕೈಯೂ ತರಚಿರಲಿಲ್ಲ. ಎಚ್ಚರವೇ ಅವನ ಗುಣ. ಅದು ಅತಿಯಾದರೆ ರೋಗ ಎಂದು ಅವನಿಗೆ ಹೇಳುವವರು ಯಾರು?

ಒಬ್ಬಳೇ ಮಗಳು ಎಂಟನೇ ತರಗತಿಗೆ ಅದೇ ಶಾಲೆ ಸೇರಿದಾಗ ಆ ರೋಗ ಕೆರಳಿತು. ಹಿಂದಿನ ವರ್ಷ, ಶಾಲೆಯ ಕಸ ಗುಡಿಸುವ ಹೆಂಗಸಿನ ಮಗನನ್ನು ಹಿಂದಿನ ಸೀಟಿನವರು ‘ಪೊರಕೆ, ಪೊರಕೆ’ ಎಂದು ಕರೆದು ಅಳಿಸಿದ್ದನ್ನು ಅವನು ತಲೆ ಮೇಲಿನ ಕನ್ನಡಿಯಲ್ಲಿ ನೋಡಿದ್ದ. ತನ್ನ ಮಗಳಿಗೆ ಆ ಗತಿ ಬರಬಾರದು. ಶಾಲೆ ಶುರುವಾಗುವ ಹಿಂದಿನ ದಿನ ಅವಳನ್ನು ಎದುರಿಗೆ ಕೂರಿಸಿಕೊಂಡ.

“ನೋಡು ಪುಟ್ಟಿ, ಬಸ್ಸಲ್ಲಿ, ಸ್ಕೂಲಲ್ಲಿ ನಾನು ನಿನ್ನ ಅಪ್ಪ ಅಲ್ಲ. ಎಲ್ಲರ ಹಾಗೆ ನೀನೂ ಮಾಮ ಅನ್ನು.”

“ಯಾಕಪ್ಪಾ?”

“ಹೇಳಿದಷ್ಟು ಮಾಡು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

ಒಲೆಯ ಮುಂದಿದ್ದ ಹೆಂಡತಿ ಸೌಟು ಹಿಡಿದುಕೊಂಡೇ ತಿರುಗಿದಳು. “ಚೆನ್ನಾಗಿದೆ! ಹೆತ್ತ ಮಗಳು ನಿಮ್ಮನ್ನ ಮಾಮ ಅಂದ್ರೆ ನಾನು ನಿಮಗೆ ಅಕ್ಕ ಆಗ್ಬೇಕೋ, ತಂಗಿ ಆಗ್ಬೇಕೋ? ಅದನ್ನೂ ನೀವೇ ಹೇಳ್ಬಿಡಿ.”

ಮೂವರೂ ನಕ್ಕರು. ಅಲ್ಲಿಗೆ ಮಾತು ಮುಗಿಯಿತು. ಹೆಂಡತಿಯ ತಮಾಷೆಯಲ್ಲೂ ಬುದ್ಧಿಮಾತು ಇರುತ್ತದೆ ಎಂದು ತಿಳಿಯಲು ಗಂಡಸರಿಗೆ ಅರ್ಧ ಆಯುಷ್ಯ ಬೇಕು.

ಮೊದಲ ವಾರ ಹುಡುಗಿಯ ನಾಲಿಗೆ ತಪ್ಪುತ್ತಿತ್ತು. “ಅಪ್ಪಾ, ನನ್ನ ನೀರಿನ ಬಾಟ್ಲಿ ಅಲ್ಲೇ ಬಿಟ್ಟೆ” ಎಂದು ಇಳಿದವಳು ಕಿಟಕಿಯ ಕೆಳಗೆ ನಿಂತು ಕೂಗಿದರೆ ಇವನು ಕಿವುಡನಂತೆ ರಸ್ತೆ ನೋಡುತ್ತ ಕೂರುತ್ತಿದ್ದ. “ಮಾಮ” ಎಂದ ಮೇಲೆಯೇ ಬಾಟ್ಲಿ ಕೈಗೆ ಬರುತ್ತಿತ್ತು. ಹುಡುಗಿ ಚುರುಕು, ಬೇಗ ಕಲಿತಳು. ಅವಳು ಎಲ್ಲವನ್ನೂ ಬೇಗ ಕಲಿಯುತ್ತಿದ್ದಳು, ಅದೇ ತೊಂದರೆಯಾಯಿತು.

ಒಂಬತ್ತನೇ ತರಗತಿಯಲ್ಲಿ ಅವಳು ಶಾಲೆಗಳ ನಡುವಿನ ಭಾಷಣ ಸ್ಪರ್ಧೆಗೆ ಆಯ್ಕೆಯಾದಳು. ಸ್ಪರ್ಧೆ ಪಕ್ಕದ ಪಟ್ಟಣದ ದೊಡ್ಡ ಸಭಾಂಗಣದಲ್ಲಿ. ಬಸ್ಸು ಓಡಿಸಿದವನು ಇವನೇ. ದಾರಿಯುದ್ದಕ್ಕೂ ಅವಳು ತುಟಿಯಲ್ಲೇ ಭಾಷಣ ಒಪ್ಪಿಸಿಕೊಳ್ಳುವುದನ್ನು ಕನ್ನಡಿಯಲ್ಲಿ ನೋಡಿ ಇವನ ಎದೆ ಉಬ್ಬುತ್ತಿತ್ತು. ಬಸ್ಸು ನಿಲ್ಲಿಸಿ, ಬೀಗ ಹಾಕಿ, ಸಭಾಂಗಣದ ಹಿಂಬಾಗಿಲ ಬಳಿ ಕಂಬಕ್ಕೆ ಒರಗಿ ನಿಂತ.

ಮೊದಲ ಬಹುಮಾನ ಅವಳಿಗೇ ಬಂತು. ಜೋರು ಚಪ್ಪಾಳೆ. ನಿರೂಪಣೆ ಮಾಡುತ್ತಿದ್ದ ಮೇಡಂ ಮೈಕಿನಲ್ಲಿ, “ಇಂಥ ಮಗಳನ್ನ ಪಡೆದವರು ಯಾರಾದ್ರೂ ಬಂದಿದ್ದೀರಾ? ವೇದಿಕೆಗೆ ಬನ್ನಿ, ಒಟ್ಟಿಗೆ ಒಂದು ಫೋಟೋ ತೆಗೆಯೋಣ” ಎಂದರು.

ವೇದಿಕೆಯಿಂದ ಹುಡುಗಿ ಹಿಂಬಾಗಿಲ ಕಡೆ ನೋಡಿದಳು. ಅವನನ್ನೇ ನೋಡಿದಳು. ಅವನ ಕಾಲು ಒಂದು ಹೆಜ್ಜೆ ಮುಂದೆ ಬಂದಿತ್ತು, ಸುಳ್ಳಲ್ಲ. ಆದರೆ ಮೈಮೇಲೆ ಖಾಕಿ, ಅಂಗೈಗೆ ಗ್ರೀಸು, ಮುಂದಿನ ಸಾಲಿನಲ್ಲಿ ಅದೇ ಹಿಂದಿನ ಸೀಟಿನ ಹುಡುಗರು. ಬ್ರೇಕ್ ಮಾಮ ಅಲ್ಲೂ ಬ್ರೇಕು ಒತ್ತಿದ. ಕಂಬದ ಮರೆಗೆ ಸರಿದುಬಿಟ್ಟ.

“ಯಾರೂ ಬಂದಿಲ್ಲ ಮೇಡಂ” ಎಂದಳು ಹುಡುಗಿ. ಮೈಕು ಹತ್ತಿರವಿತ್ತು. ಎಲ್ಲರಿಗೂ ಕೇಳಿಸಿತು.

ವಾಪಸು ಬರುವಾಗ ಬಸ್ಸು ತುಂಬ ಹಾಡು, ಕುಣಿತ. ಅವಳೊಬ್ಬಳು ಬಹುಮಾನದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಕನ್ನಡಿಯಲ್ಲಿ ಒಮ್ಮೆಯೂ ಕಣ್ಣು ಸಿಗಲಿಲ್ಲ.

ಅಂದಿನಿಂದ ಅವಳು ಮನೆಯಲ್ಲೂ ಅವನನ್ನು ಅಪ್ಪ ಎನ್ನಲಿಲ್ಲ. ಜಗಳವಾಡಲಿಲ್ಲ, ಮುನಿಸು ತೋರಲಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ‘ಬಾರಪ್ಪಾ, ಹಸಿವಾಗ್ತಿದೆ’ ಎಂದು ಕೈ ಹಿಡಿದು ಎಳೆಯುತ್ತಿದ್ದವಳು ಬಾಗಿಲ ಬಳಿ ನಿಂತು “ಊಟಕ್ಕೆ ಬನ್ನಿ” ಎನ್ನತೊಡಗಿದಳು. ಮದುವೆಯ ದಿನವೂ “ಹೊರಡ್ತೀನಿ, ಮಾತ್ರೆ ಮರೀಬೇಡಿ” ಎಂದು ಕಾಲಿಗೆ ನಮಸ್ಕರಿಸಿ ಹೋದಳು. ಮಗಳಾಗಿ ಮಾಡಬೇಕಾದ್ದರಲ್ಲಿ ಒಂದನ್ನೂ ಬಿಟ್ಟವಳಲ್ಲ. ಆ ಒಂದು ಮಾತು ಮಾತ್ರ ಬರಲಿಲ್ಲ. ಅವನೂ ಕೇಳಲಿಲ್ಲ. ಯಾವ ಬಾಯಲ್ಲಿ ಕೇಳುವುದು?

ನಿವೃತ್ತಿಗೆ ಸ್ವಲ್ಪ ಮುಂಚೆ ಬಸ್ಸಿನ ಕ್ಲಚ್ ರಿಪೇರಿಗೆ ಗ್ಯಾರೇಜಿಗೆ ಹೋಗಿದ್ದ. ಅಲ್ಲಿನ ಮೆಕ್ಯಾನಿಕ್, ಹಿಂದಿನ ಸೀಟಿನ ಅದೇ ಹುಡುಗರಲ್ಲಿ ಒಬ್ಬ, ಬಸ್ಸಿನ ಕೆಳಗೆ ಮಲಗಿಕೊಂಡೇ ಮಗಳ ಯೋಗಕ್ಷೇಮ ಕೇಳಿದ.

“ಅವಳು ನನ್ನ ಮಗಳು ಅಂತ ನಿನಗೆ ಹೇಗೆ ಗೊತ್ತು?”

“ಅಯ್ಯೋ ಮಾಮ, ಮೊದಲ ದಿನದಿಂದ್ಲೇ ಗೊತ್ತಿತ್ತು! ಇಬ್ಬರ ಮೂಗೂ ಒಂದೇ ಅಚ್ಚು. ಬ್ರೇಕ್ ಮಾಮನ ಮಗಳು ಅಂತ ಯಾರೂ ಅವಳ ತಂಟೆಗೇ ಹೋಗ್ತಿರ್ಲಿಲ್ಲ. ನೀವಂದ್ರೆ ನಮಗೆಲ್ಲ ಅಷ್ಟು ಇಷ್ಟ.”

ಅವನು ಪಕ್ಕದಲ್ಲಿದ್ದ ಹಳೇ ಟೈರಿನ ಮೇಲೆ ಕುಳಿತುಬಿಟ್ಟ. ಇಡೀ ಶಾಲೆಗೆ ಗೊತ್ತಿದ್ದದ್ದನ್ನು ಮುಚ್ಚಿಡಲು ಹೋಗಿ ಕೈಯಲ್ಲಿದ್ದದ್ದನ್ನು ಕಳೆದುಕೊಂಡಿದ್ದ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದಿದ್ದರೂ ಹೋಗುತ್ತದೆ.

ಮಗಳು ಬೇರೆ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆದಳು. ಈ ವರ್ಷ ತನ್ನ ಶಾಲೆಯ ಮಕ್ಕಳನ್ನು ಕರೆದುಕೊಂಡು ವಿಜ್ಞಾನ ಮೇಳಕ್ಕೆ ಅದೇ ಸಭಾಂಗಣಕ್ಕೆ ಬರುವವಳಿದ್ದಳು. ಫೋನಿನಲ್ಲಿ ತಾಯಿಗೆ ಹೇಳಿದ್ದು ಇವನ ಕಿವಿಗೂ ಬಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಿಂಬಾಗಿಲು ಬಿಟ್ಟು ಮುಂಬಾಗಿಲಿನಿಂದಲೇ ಒಳಗೆ ಹೋಗಿ, ಮೊದಲ ಸಾಲಿನಲ್ಲಿ ಕುಳಿತ. ಅವಳ ಮಕ್ಕಳಿಗೆ ಎರಡನೇ ಬಹುಮಾನ ಬಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಹೊರಗೆ ಬಂದ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಅವನನ್ನು ನೋಡಿ, “ಮೇಡಂ, ಇವರು ಯಾರು?” ಎಂದಳು.

“ಇವರಾ? ನಮ್ಮ ಸ್ಕೂಲ್ ಬಸ್ಸಿನ ಬ್ರೇಕ್ ಮಾಮ” ಎಂದಳು ಅವಳು, ನಗುತ್ತಲೇ. ಕೊಂಕಿರಲಿಲ್ಲ, ಸೇಡೂ ಇರಲಿಲ್ಲ. ಅವನು ಕಲಿಸಿದ್ದನ್ನೇ ನಾಲಿಗೆ ಒಪ್ಪಿಸಿತ್ತು. ಮರುಕ್ಷಣ ಅವಳ ಮುಖ ಬಿಳುಚಿಕೊಂಡಿತು.

“ಅಲ್ಲ ಕಂದಾ,” ಎಂದ ಅವನು. “ನಾನು ನಿಮ್ಮ ಮೇಡಂ ಅಪ್ಪ.”

ಹುಡುಗಿಗೆ ನಂಬಿಕೆ ಬರಲಿಲ್ಲ. “ಹೌದಾ ಮೇಡಂ?”

“ಹೌದು” ಎಂದಳು ಮಗಳು. ಅವಳ ಕಣ್ಣು ತುಂಬಿತ್ತು. “ಆವತ್ತು ಇಷ್ಟು ಹೇಳಿದ್ರೆ ಸಾಕಿತ್ತು.”

ಬಸ್ಸಿನ ಹಾರ್ನ್ ಕೇಳಿಸಿತು. ಮಕ್ಕಳು “ಬರ್ತೀವಿ ತಾತ!” ಎಂದು ಕೂಗುತ್ತ ಹತ್ತಿದರು. ಮಗಳು ಕೊನೆಗೆ ಹತ್ತಿ, ಬಾಗಿಲಲ್ಲಿ ತಿರುಗಿ ನಿಂತು ಏನೋ ಹೇಳಲು ಬಾಯಿ ತೆರೆದಳು. ಅವನು ಕಾದ. “ಹುಷಾರಾಗಿ ಹೋಗಿ” ಎಂದಳು. ಬಸ್ಸು ಹೊರಟಿತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವನ ಮುಖ ನೋಡಿ ಮೆಲ್ಲಗೆ ಕೇಳಿದಳು, “ಅಪ್ಪ ಅಂದ್ಳಾ?”

“ಇಲ್ಲ ಕಣೇ,” ಎಂದ ಅವನು ಚಪ್ಪಲಿ ಬಿಡುತ್ತ. “ನಾನೇ ಹೇಳ್ಕೊಂಡೆ.”